ಐಸ್ ತಟ್ಟೆ ಅಟ್ಟದ ಮೇಲಿತ್ತು

ಬೆಳಗಿನ ಎಂಟು ಗಂಟೆಯಾದರೂ ಕೃಷ್ಣಮೂರ್ತಿಗೆ ಎಚ್ಚರವಾಗಲಿಲ್ಲ. ತಾಯಿ ಜಾನಕಮ್ಮ ಭುಜ ಹಿಡಿದು ಅಲ್ಲಾಡಿಸಿದರು. ಉಸಿರು ಜೋರಾಗಿ ಬರುತ್ತಿತ್ತು. ಕಣ್ಣು ತೆರೆಯಲಿಲ್ಲ.

ಬಾಡಿಗೆ ಕಾರಿನಲ್ಲಿ ಮುಳಬಾಗಿಲಿನಿಂದ ಕೋಲಾರದ ಆಸ್ಪತ್ರೆಗೆ ಒಯ್ದರು. ಮಧ್ಯಾಹ್ನ ಮೂರಕ್ಕೆ ಪ್ರಾಣ ಹೋಯಿತು. ತಾಲ್ಲೂಕು ಕಚೇರಿಯ ಗುಮಾಸ್ತ. ವಯಸ್ಸು ಇಪ್ಪತ್ತಾರು. ಹದಿಮೂರನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ.

"ಇನ್ಸುಲಿನ್ ಚುಚ್ಚಿಕೊಳ್ಳೋದು ನಿಲ್ಲಿಸಿದ್ದರಾ?" ಎಂದು ಡಾಕ್ಟರು ಕೇಳಿದರು.

"ಒಂದು ದಿನವೂ ತಪ್ಪಿಸಿಲ್ಲ. ನಾನೇ ಸೀಸೆ ತೆಗೆದು ಕೈಗೆ ಕೊಡ್ತಿದ್ದೆ" ಎಂದರು ಜಾನಕಮ್ಮ.

"ಹಾಗಾದ್ರೆ ಆ ಸೀಸೇಲಿ ಔಷಧದ ಗುಣವೇ ಇರಲಿಲ್ಲಮ್ಮ."

ಡಾಕ್ಟರು ಹಾಗೆಂದೇ ಪೊಲೀಸರಿಗೆ ಬರೆದುಕೊಟ್ಟರು.

ಊರಿಗೆ ತೀರ್ಪು ಕೊಡಲು ಎಷ್ಟು ಹೊತ್ತು ಬೇಕು? ಸಂಜೆಯೊಳಗೆ ಕೊಟ್ಟಾಗಿತ್ತು. ಸೀಸೆ ಮಾರಿದವನು ಪೇಟೆ ಬೀದಿಯ ಔಷಧದಂಗಡಿ ರಾಮಚಂದ್ರಪ್ಪ. ಅವನೇ ನಕಲಿ ಮಾಲು ಕೊಟ್ಟು ಕೊಂದ! ಹತ್ತು ದಿನದ ಹಿಂದೆ ಕೃಷ್ಣಮೂರ್ತಿ ಅದೇ ಅಂಗಡಿಯ ಮುಂದೆ ನಿಂತು, "ನಿಮ್ಮ ಔಷಧ ಒಡೆದ ಹಾಲಿನ ಥರ ಇದೆ" ಎಂದು ಜಗಳವಾಡಿದ್ದನ್ನು ಕಂಡವರು ಒಬ್ಬಿಬ್ಬರಲ್ಲ. ಜನ ಅಂಗಡಿಗೆ ಕಲ್ಲು ತೂರಿದರು. ಸಬ್ ಇನ್ಸ್‌ಪೆಕ್ಟರ್ ವೆಂಕಟರಾಯಪ್ಪನವರು ರಾಮಚಂದ್ರಪ್ಪನನ್ನು ಠಾಣೆಗೆ ತಂದು ಕೂರಿಸಿದರು.

"ಅವರ ಮನೆ ಫ್ರಿಡ್ಜ್ ಕೆಟ್ಟಿರಬೇಕು ಸಾರ್. ನನ್ನ ಮಾಲಿನಲ್ಲಿ ದೋಷ ಇಲ್ಲ. ನನ್ನ ಮಕ್ಕಳ ಆಣೆ" ಎಂದು ಅವನು ಗೋಗರೆದ.

"ನಾಳೆ ಸಂಜೆ ನಿನ್ನ ಕೋರ್ಟಿಗೆ ಕಳಿಸಬೇಕು. ಅಷ್ಟರೊಳಗೆ ಫ್ರಿಡ್ಜ್ ನೋಡಿಸ್ತೀನಿ" ಎಂದರು ವೆಂಕಟರಾಯಪ್ಪ.

* * *

ಮರುದಿನ ಏಳಕ್ಕೆ ಕೋಲಾರದಿಂದ ಮೆಕ್ಯಾನಿಕ್ ಅಂಜಿನಪ್ಪ ಬಂದ. ಮಾಲೂರು ಕಡೆಯ ರೈತರ ಮಗ. ಮೂರು ತಾಲ್ಲೂಕಿನ ಫ್ರಿಡ್ಜುಗಳಿಗೆಲ್ಲ ಅವನೊಬ್ಬನೇ ವೈದ್ಯ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಜಾನಕಮ್ಮನ ಫ್ರಿಡ್ಜು ಅವನಿಗೆ ಹೊಸದಲ್ಲ. ಕಳೆದ ತಿಂಗಳು, ಎಂಬತ್ತನೇ ಇಸವಿಯ ಫೆಬ್ರವರಿ ಹದಿನಾರರ ಸೂರ್ಯಗ್ರಹಣ ಬಿಟ್ಟ ಮೇಲೆ, ಶುದ್ಧಿ ಮಾಡಲೆಂದು ಆಕೆ ಅದರೊಳಗೆ ಬಿಂದಿಗೆಗಟ್ಟಲೆ ನೀರು ಸುರಿದು ತೊಳೆದಿದ್ದರು. ಸ್ವಿಚ್ಚಿಗೆ ನೀರು ಹೋಗಿ ಫ್ರಿಡ್ಜು ನಿಂತೇಹೋಗಿತ್ತು. ಮರುದಿನ ಅಂಜಿನಪ್ಪನೇ ಬಂದು ಒಣಗಿಸಿ ಓಡಿಸಿಕೊಟ್ಟಿದ್ದ. ಗ್ರಹಣ ಹಿಡಿದ ಫ್ರಿಡ್ಜು ಎಂದು ಅದನ್ನು ಕೋಲಾರದಲ್ಲೆಲ್ಲ ಹೇಳಿಕೊಂಡು ನಕ್ಕಿದ್ದ.

ಈ ದಿನ ನಗುವ ಮನೆಯಾಗಿರಲಿಲ್ಲ. ಜಾನಕಮ್ಮ ನಡುಮನೆಯ ಗೋಡೆಗೊರಗಿ ಕುಳಿತಿದ್ದರು. ಅವನು ಬಂದದ್ದು ಅವರಿಗೆ ತಿಳಿಯಿತೋ ಇಲ್ಲವೋ.

ಅಂಜಿನಪ್ಪ ಕೆಲಸಕ್ಕೆ ತೊಡಗಿದ. ಬಾಗಿಲ ಸಂದಿಗೆ ಕಾಗದದ ಚೂರು ಸಿಕ್ಕಿಸಿ ಮುಚ್ಚಿ ಎಳೆದ. ಬಿಗಿಯಾಗಿ ಕಚ್ಚಿಕೊಂಡಿತ್ತು, ರಬ್ಬರು ಸರಿಯಿದೆ. ಹಿಂಬದಿಯ ಕೊಳವೆಗಳ ಮೇಲೆ ಧೂಳಿಲ್ಲ. ಮೋಟಾರು ಹೊತ್ತಿಗೆ ಸರಿಯಾಗಿ ಶುರುವಾಗಿ ಹೊತ್ತಿಗೆ ಸರಿಯಾಗಿ ನಿಲ್ಲುತ್ತಿತ್ತು. ನೀರಿನ ಲೋಟದಲ್ಲಿ ಥರ್ಮಾಮೀಟರ್ ಮುಳುಗಿಸಿ ನಡುವಿನ ಅಂಕಣದಲ್ಲಿ ಇಟ್ಟ. ಒಂದು ಗಂಟೆ ಬಿಟ್ಟು ನೋಡಿದಾಗ ಐದು ಡಿಗ್ರಿ.

"ಫ್ರಿಡ್ಜ್ ಗಟ್ಟಿಮುಟ್ಟಾಗಿದೆ ಸಾರ್" ಎಂದು ಜೊತೆಗಿದ್ದ ವೆಂಕಟರಾಯಪ್ಪನವರಿಗೆ ಹೇಳಿದ.

"ಕರೆಂಟ್ ಹೋಗ್ತಿರುತ್ತಲ್ಲಯ್ಯ?"

"ದಿನಕ್ಕೆ ಎರಡು ಗಂಟೆ. ಬಾಗಿಲು ತೆಗೀದಿದ್ರೆ ಏನೂ ಆಗಲ್ಲ."

"ಸರಿ ಬಿಡು. ಅಂಗಡಿಯವನೇ" ಎಂದು ವೆಂಕಟರಾಯಪ್ಪ ಟೋಪಿ ಎತ್ತಿಕೊಂಡರು.

ಅಂಜಿನಪ್ಪನಿಗೆ ಮನಸ್ಸು ಒಪ್ಪಲಿಲ್ಲ. ಇನ್ನೊಮ್ಮೆ ಬಾಗಿಲು ತೆರೆದ. ಹಾಲಿನ ತಪ್ಪಲೆ, ಮೊಸರು, ನಾಲ್ಕು ನಿಂಬೆಹಣ್ಣು. ಮೇಲಿನ ಐಸ್ ಪೆಟ್ಟಿಗೆಯ ಪುಟ್ಟ ಬಾಗಿಲು ತೆಗೆದ. ಎರಡು ಬೆರಳು ದಪ್ಪಕ್ಕೆ ಹಿಮ ಕಟ್ಟಿತ್ತು. ಆದರೆ ಐಸ್ ತಟ್ಟೆಯಿಲ್ಲ. ತಟ್ಟೆ ಇರಬೇಕಾದ ಕಡೆ ಹಿಮದಲ್ಲಿ ಎರಡು ಗುಂಡು ಗುಳಿಗಳಿದ್ದವು. ನಾಣ್ಯದಷ್ಟು ಅಗಲ. ಅಂಚು ಚೊಕ್ಕ.

"ಐಸ್ ತಟ್ಟೆ ಎಲ್ಲಮ್ಮಾ?"

ಜಾನಕಮ್ಮ ಅಡುಗೆಮನೆಯ ಅಟ್ಟದ ಕಡೆ ಕೈ ತೋರಿಸಿದರು. ತಟ್ಟೆ ಅಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು.

ಅಂಜಿನಪ್ಪ ತಟ್ಟೆಯ ಧೂಳನ್ನು ಬೆರಳಲ್ಲಿ ಒರೆಸಿ ನೋಡಿದ. ಬೇಸಿಗೆ ಕಾಲಿಡುತ್ತಿದೆ. ಫ್ರಿಡ್ಜು ಇರುವ ಮನೆಯಲ್ಲಿ ಐಸು ಮಾಡುವುದನ್ನು ಯಾರಾದರೂ ಬಿಡುತ್ತಾರೆಯೇ?

"ಸಾರ್, ಉಳಿದಿರೋ ಸೀಸೆ ಎಲ್ಲಿದೆ?"

ವೆಂಕಟರಾಯಪ್ಪ ಜೇಬಿನಿಂದ ಪೊಟ್ಟಣ ತೆಗೆದರು. ಔಷಧ ಹಾಲಿನ ಬಣ್ಣದ್ದು. ಅಂಜಿನಪ್ಪ ಅದನ್ನು ಅಂಗೈಗಳ ನಡುವೆ ಹೊರಳಿಸಿದ. ಬೆರೆಯಲಿಲ್ಲ. ಬಿಳಿ ಚಕ್ಕೆಗಳು ಗಾಜಿಗೆ ಅಂಟಿಕೊಂಡೇ ಇದ್ದವು.

"ಅಂಗಡಿಯಿಂದ ಇದೇ ಬ್ಯಾಚ್ ನಂಬರಿನ ಹೊಸ ಸೀಸೆ ಒಂದು ತರಿಸಿ ಸಾರ್. ಇದೇ ಪೆಟ್ಟಿಗೇಲಿ ಇಟ್ಟು ಹೋಗೋಣ."

"ಯಾಕಯ್ಯಾ?"

"ಬಂದು ಹೇಳ್ತೀನಿ. ಈ ನಂಬರಿನ ಸೀಸೆ ಇನ್ಯಾರು ಕೊಂಡಿದಾರೋ ಅವರನ್ನ ಮೊದಲು ನೋಡಬೇಕು."

* * *

ರಾಮಚಂದ್ರಪ್ಪನ ರಸೀದಿ ಪುಸ್ತಕದಲ್ಲಿ ಇನ್ನೊಂದೇ ಹೆಸರಿತ್ತು. ಗೌನಿಪಲ್ಲಿಯ ದೊಡ್ಡವೆಂಕಟಪ್ಪ. ಜೀಪು ಹೋದಾಗ ಮುದುಕ ಮಾವಿನ ತೋಪಿನಲ್ಲಿ ಹೂವು ಉದುರಿದ್ದಕ್ಕೆ ಕಾವಲುಗಾರನನ್ನು ಬೈಯುತ್ತಿದ್ದ. ಪೊಲೀಸರನ್ನು ಕಂಡು ಬೈಗುಳ ನುಂಗಿಕೊಂಡ.

"ಇನ್ಸುಲಿನ್ ತಗೊಂಡ ಮೇಲೆ ಏನಾದ್ರೂ ತೊಂದರೆ ಆಯ್ತಾ?" ವೆಂಕಟರಾಯಪ್ಪ ಕೇಳಿದರು.

"ನಾಕೇಮೀ ಕಾಲೇದು ಸಾರ್! ಏನೂ ಆಗಿಲ್ಲ. ನೋಡಿ, ಕಲ್ಲುಗುಂಡು ಇದ್ದಂಗಿದೀನಿ."

"ಔಷಧ ಎಲ್ಲಿಡ್ತೀರಾ?"

"ನಮ್ಮಂಥೋರಿಗೆ ಎಲ್ಲಿಯ ಫ್ರಿಡ್ಜು? ಮಡಕೇಲಿ ಒದ್ದೆ ಮರಳು ಹಾಕಿ, ಅದರೊಳಗಿಡ್ತೀನಿ."

ಸೀಸೆ ತಂದು ತೋರಿಸಿದ. ಅದೇ ನಂಬರು. ಹೊರಳಿಸಿದರೆ ಹಾಲಿನಂತೆ ಒಂದೇ ಸಮನಾಗಿ ಬೆರೆಯಿತು.

ಬರುವ ದಾರಿಯಲ್ಲಿ ವೆಂಕಟರಾಯಪ್ಪ ಗೊಣಗಿದರು. "ಮಾಲು ಸರಿ. ಫ್ರಿಡ್ಜ್ ಸರಿ. ಮತ್ತೆ ಹುಡುಗ ಸತ್ತಿದ್ದು ಹೆಂಗಯ್ಯಾ?"

"ಎರಡೂ ಸರಿ ಇದ್ರೆ, ಇಟ್ಟ ಜಾಗ ತಪ್ಪು ಸಾರ್."

* * *

ಎರಡು ಗಂಟೆಗೆ ಹಿಂದಿರುಗಿದರು. ಐಸ್ ಪೆಟ್ಟಿಗೆಯಲ್ಲಿಟ್ಟ ಹೊಸ ಸೀಸೆ ಕಲ್ಲಾಗಿತ್ತು. ಅಂಜಿನಪ್ಪ ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಿದ. ಹೊರಳಿಸಿದ. ಬಿಳಿ ಚಕ್ಕೆಗಳು ಗಾಜಿಗೆ ಅಂಟಿಕೊಂಡವು. ಕೃಷ್ಣಮೂರ್ತಿಯ ಸೀಸೆಯನ್ನು ಪಕ್ಕಕ್ಕಿಟ್ಟರೆ ಯಾವುದು ಯಾವುದೆಂದು ಹೇಳಲಾಗದು.

"ಹಾಲು ಹೆಪ್ಪುಗಟ್ಟಿ ಕರಗಿದ್ರೆ ಚಕ್ಕೆ ಚಕ್ಕೆ ಆಗೋದನ್ನ ದಿನಾ ನೋಡ್ತೀನಿ ಸಾರ್. ಇದೂ ಹಂಗೇ. ಗ್ರಹಣದ ದಿನ ಈ ಪೆಟ್ಟಿಗೇನ ಪೂರ್ತಿ ತೊಳೆದಿದ್ರು. ಈಗಿರೋ ಹಿಮವೆಲ್ಲ ಆಮೇಲೆ ಕಟ್ಟಿದ್ದು. ಆ ಗುಳಿಗಳಿಗೆ ಸೀಸೆ ತಳ ಸರಿಯಾಗಿ ಕೂರುತ್ತೆ. ಅಂದ್ರೆ ಒಂದು ತಿಂಗಳಿಂದ ಔಷಧ ಇದ್ದಿದ್ದು ಇಲ್ಲೇ. ಐಸ್ ತಟ್ಟೆ ತೆಗೆದು ಜಾಗ ಮಾಡಿದಾರೆ."

"ಬೇಕೂಂತ ಕೆಡಿಸಿದಾರೆ ಅಂತೀಯಾ? ಅವನು ಕಲ್ಲಾದ ಸೀಸೇನ ನೋಡ್ತಿರಲಿಲ್ವಾ?"

"ತೆಗೆದು ಕೊಡ್ತಿದ್ದೋರು ಬೇರೆಯವರಲ್ವಾ ಸಾರ್?"

ಇಬ್ಬರೂ ನಡುಮನೆಯ ಕಡೆ ನೋಡಿದರು. ಇಬ್ಬರಿಗೂ ಅಲ್ಲಿಗೆ ಹೋಗಲು ಮನಸ್ಸಿರಲಿಲ್ಲ. ಆದರೆ ಠಾಣೆಯಲ್ಲಿ ರಾಮಚಂದ್ರಪ್ಪ ಕುಳಿತಿದ್ದ. ಸಂಜೆಯಾಗಲು ಎರಡೇ ಗಂಟೆ ಬಾಕಿ.

* * *

"ಅಮ್ಮಾ, ಕೃಷ್ಣಮೂರ್ತಿಯವರ ಔಷಧ ಎಲ್ಲಿಡ್ತಿದ್ರಿ?" ಅಂಜಿನಪ್ಪ ಕೇಳಿದ.

"ಮೇಲಿನ ಪೆಟ್ಟಿಗೇಲಿ" ಎಂದರು ಜಾನಕಮ್ಮ. ಮುಚ್ಚಿಡುವ ಮಾತೇ ಇರಲಿಲ್ಲ.

"ಮೊದಲಿಂದಲೂ?"

"ಇಲ್ಲಪ್ಪ. ಮೊದಲು ಹಾಲಿನ ಪಕ್ಕ ಇರ್ತಿತ್ತು. ಗ್ರಹಣದ ದಿನ ಎಲ್ಲ ಹೊರಗೆ ತೆಗೆದಾಗ ನನ್ನ ಮಗ ಕಿಟ್ಟು ಸೀಸೆ ಮೇಲಿಂದು ಓದಿ, ಇದನ್ನ ದನದ ಮೈಯಿಂದ ತೆಗೀತಾರೆ ಕಣಮ್ಮಾ ಅಂತ ನಕ್ಕ. ಅವನ ಪ್ರಾಣ ಕಾಯೋ ಔಷಧ, ಬೇಡ ಅನ್ನೋಕೆ ನನಗೇನು ಹುಚ್ಚೇ? ಆದ್ರೆ ದೇವರ ನೈವೇದ್ಯದ ಹಾಲು ಅದರ ಪಕ್ಕ ಹೇಗಿಡಲಿ? ಬೇರೆ ಇಟ್ಟೆ. ನಾವು ಕುಡಿಯೋ ನೀರಿನ ಐಸ್ ತಟ್ಟೆ ಅದರ ಹತ್ತಿರ ಬೇಡ ಅಂತ ಅಟ್ಟಕ್ಕೆ ಹಾಕಿದೆ. ದಿನಾ ಐದಕ್ಕೆ ಸೀಸೆ ತೆಗೆದು ಕಿಟಕೀಲಿಟ್ಟು, ಆಮೇಲೆ ಸ್ನಾನ ಮಾಡಿ ಮಡಿ ಉಡ್ತಿದ್ದೆ. ಅವನು ಏಳಕ್ಕೆ ಚುಚ್ಚಿಕೊಳ್ಳೋ ಹೊತ್ತಿಗೆ ಕರಗಿರ್ತಿತ್ತು."

"ಆ ಪೆಟ್ಟಿಗೇಲಿ ಇಡಬಹುದು ಅಂತ ಯಾರು ಹೇಳಿದ್ರಮ್ಮಾ?" ವೆಂಕಟರಾಯಪ್ಪ ಕೇಳಿದರು.

ಜಾನಕಮ್ಮ ಅಂಜಿನಪ್ಪನ ಮುಖ ನೋಡಿದರು.

"ನೀನೇ ಅಲ್ವೇನಪ್ಪಾ? ಔಷಧಕ್ಕೆ ಬೇರೆ ಜಾಗ ಇದೆಯಾ ಅಂತ ಕೇಳಿದೆ. ಮೇಲಿಂದಕ್ಕೆ ಬೇರೆ ಬಾಗಿಲೇ ಇದೆಯಲ್ಲಮ್ಮಾ, ಅಲ್ಲಿಟ್ಟರೆ ವರ್ಷ ಕಳೆದರೂ ಏನೂ ಕೆಡಲ್ಲ ಅಂದೆ."

ಅಂಜಿನಪ್ಪ ಕೈಯಲ್ಲಿದ್ದ ಸೀಸೆಯನ್ನು ನೆಲದ ಮೇಲಿಟ್ಟ. ಹೌದು, ಹೇಳಿದ್ದ. ಸ್ಕ್ರೂಡ್ರೈವರು ಚೀಲಕ್ಕೆ ಹಾಕಿಕೊಳ್ಳುತ್ತ, ಬಸ್ಸಿನ ಹೊತ್ತಾಯಿತೆಂಬ ಅವಸರದಲ್ಲಿ, ತಲೆ ಎತ್ತದೆ ಹೇಳಿದ್ದ.

"ಯಾಕಪ್ಪಾ? ಅಲ್ಲಿಡಬಾರದಿತ್ತೇ?"

ಇಡಬಹುದಿತ್ತು ಎಂದು ಸುಳ್ಳು ಹೇಳಿದ್ದರೆ ಈ ತಾಯಿ ಬದುಕಿಕೊಳ್ಳುತ್ತಿದ್ದರು. ರಾಮಚಂದ್ರಪ್ಪ ಜೈಲಿಗೆ ಹೋಗುತ್ತಿದ್ದ.

"ಇಡಬಾರದಿತ್ತಮ್ಮಾ" ಎಂದ ಅಂಜಿನಪ್ಪ. "ಹೆಪ್ಪುಗಟ್ಟಿದ್ರೆ ಅದರ ಗುಣ ಹೋಗುತ್ತೆ. ಅಂಗಡಿಯವನ ತಪ್ಪಿಲ್ಲ."

ಜಾನಕಮ್ಮ ಅಳಲಿಲ್ಲ. ಬಹಳ ಹೊತ್ತು ತಮ್ಮ ಎರಡು ಕೈಗಳನ್ನೂ ನೋಡಿಕೊಂಡರು. ಆಮೇಲೆ ಎದ್ದು ಸೆರಗು ಹೊದ್ದುಕೊಂಡರು.

"ಸೂತಕದಲ್ಲಿ ನೀವು ಬರೋದು ಬೇಡಮ್ಮ. ನಾನೇ ಬಿಡಿಸ್ತೀನಿ" ಎಂದರು ವೆಂಕಟರಾಯಪ್ಪ.

ಅವರು ಕೇಳಲಿಲ್ಲ. ಬರಿಗಾಲಲ್ಲಿ ಬೀದಿಗಿಳಿದರು.

* * *

ಠಾಣೆಯ ಮುಂದೆ ಜನ ಸೇರಿದ್ದರು. ಜಾನಕಮ್ಮನನ್ನು ಕಂಡು ದಾರಿ ಬಿಟ್ಟರು.

"ಇವನದ್ದೇನೂ ತಪ್ಪಿಲ್ಲ. ನನ್ನ ಮಗನ ಔಷಧ ಕೆಡಿಸಿದ್ದು ನಾನು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಬೆಂಚಿನ ಮೇಲಿದ್ದ ರಾಮಚಂದ್ರಪ್ಪ ಎದ್ದು ಬಂದು ಕೈಮುಗಿದ. "ಅಮ್ಮಾ, ಅವನು ಸೀಸೆ ತಂದು ತೋರಿಸಿದ ದಿನ ನಾನು ಸರಿಯಾಗಿ ನೋಡಲಿಲ್ಲ. ಚೆನ್ನಾಗಿ ಅಲ್ಲಾಡಿಸು ಹೋಗು ಅಂತ ಗದರಿದೆ. ಬದಲಿಸಿ ಕೊಟ್ಟಿದ್ರೆ..."

ವೆಂಕಟರಾಯಪ್ಪ ಹೇಳಿಕೆ ಬರೆದುಕೊಳ್ಳಲು ಕುಳಿತರು. ಅಂಜಿನಪ್ಪ ಮೇಜಿನ ಮುಂದೆ ಬಂದು ನಿಂತ.

"ನನ್ನ ಹೆಸರೂ ಬರೀರಿ ಸಾರ್. ಜಾಗ ತೋರಿಸಿದ್ದು ನಾನು. ಯಾವ ಔಷಧ ಅಂತ ಒಂದು ಮಾತು ಕೇಳಲಿಲ್ಲ."

ಜಾನಕಮ್ಮ ಅವನ ಕಡೆ ತಿರುಗಿದರು. ಕಣ್ಣಲ್ಲಿ ಕೋಪವಿರಲಿಲ್ಲ.

"ನೀನು ಕೇಳಿದ್ದಿದ್ರೆ ಹೇಳ್ತಿದ್ದೆ ಕಣಪ್ಪಾ" ಎಂದರು.

ಬೈದಿದ್ದರೆ ಅಂಜಿನಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ.