ಕೆರೆ ಏರಿಯ ಮೇಲೆ ನಿಲ್ಲುವ ಕಾರು

ದೇವರಾಯಸಮುದ್ರದ ಕೆರೆ ಏರಿ ಹತ್ತುವಾಗ ಕೆಂಪು ಕಾರು ಕೆಮ್ಮಿತು, ಜಗ್ಗಿತು, ಹುಣಸೆಮರದ ಕೆಳಗೆ ಉಸಿರು ಬಿಟ್ಟು ನಿಂತುಬಿಟ್ಟಿತು. ಹೋದ ಸಲ ನಿಂತ ಜಾಗದಲ್ಲೇ.

ಮುರಳಿಮೋಹನ್ ಸ್ಟೀರಿಂಗ್ ಮೇಲಿಂದ ಕೈ ತೆಗೆಯಲಿಲ್ಲ. ಪಕ್ಕದಲ್ಲಿದ್ದ ಸುನಂದಳ ಕಡೆ ತಿರುಗಲೂ ಇಲ್ಲ.

"ನೋಡಿದ್ರಾ ಅತ್ತಿಗೆ? ಅಣ್ಣಂಗೆ ಇಷ್ಟ ಇಲ್ಲ."

"ನಾನು ನಿಂಗೆ ಅತ್ತಿಗೆ ಆಗ್ಲೇ ಇಲ್ವಲ್ಲ ಮುರಳಿ."

ಆಗಬೇಕಿತ್ತು. ಅವನ ಅಣ್ಣ ವೆಂಕಟ್ ಜೊತೆ ಅವಳಿಗೆ ನಿಶ್ಚಿತಾರ್ಥವಾಗಿತ್ತು. ಮದುವೆ ಸೀರೆ ಬಂದ ವಾರವೇ ವೆಂಕಟ್‌ಗೆ ಜ್ವರ ಬಂತು, ಅದರಲ್ಲೇ ಹೋಗಿಬಿಟ್ಟ. ಸೀರೆ ಇನ್ನೂ ಮಡಿಕೆ ಬಿಚ್ಚಿಲ್ಲ.

ವರ್ಷದ ತಿಥಿ ಮುಗಿದ ಮೇಲೆ ಮುರಳಿಯ ತಾಯಿ ಬಚ್ಚಮ್ಮನೇ ಮಾತೆತ್ತಿದಳು: ಹುಡುಗಿ ನಮ್ಮ ಮನೆಗೇ ಬರಲಿ, ಮುರಳಿಗೆ ತಂದುಕೊಳ್ಳೋಣ. ಸುನಂದ ತಲೆ ತಗ್ಗಿಸಿ ಹೂಂ ಅಂದಿದ್ದಳು. ಆ ಒಂದು ಹೂಂ ಒಳಗೆ ಎಷ್ಟು ಆಸೆ ಇತ್ತೆಂದು ಯಾರಿಗೂ ಗೊತ್ತಾಗಲಿಲ್ಲ. ಮುರಳಿ ಮಾತ್ರ ಅಪ್ಪಣೆ ಕೇಳಬೇಕು ಅಂದ. ಊರಲ್ಲಿ ದೇವರ ಬಲಗಡೆಯಿಂದ ಹೂ ಬಿದ್ದರೆ ಅಪ್ಪಣೆ. ಇವನು ಕೇಳಿದ್ದು ಅಣ್ಣನ ಕಾರನ್ನು. ಇಬ್ಬರೂ ಕೂತಾಗ ಕಾರು ನಿಲ್ಲದೆ ಏರಿ ದಾಟಿದರೆ ಅಣ್ಣ ಒಪ್ಪಿದ ಹಾಗೆ.

ವೆಂಕಟ್ ಎಲ್ಲಿಂದಲೋ ತಂದು ಕೈಯಾರೆ ರಿಪೇರಿ ಮಾಡಿದ ಹಳೆಯ ಸ್ಪೋರ್ಟ್ಸ್ ಕಾರು ಅದು. ಇರುವುದು ಎರಡೇ ಸೀಟು. ಆದರೂ ಈಗ ಯಾರೋ ಹಿಂದೆ ಕೂತು ಉಸಿರಾಡುತ್ತಿದ್ದಾರೆ ಅನ್ನಿಸಿ ಸುನಂದಳ ಕತ್ತು ತಣ್ಣಗಾಯಿತು. ಕೆರೆಯ ನೀರು ಅಲುಗುತ್ತಿರಲಿಲ್ಲ. ಅವಳು ಓರೆಗಣ್ಣಲ್ಲಿ ಮುರಳಿಯನ್ನು ನೋಡಿದಳು. ಉಗುರಿನ ಸಂದಿಯಲ್ಲಿ ಕೆಂಪು ಪೇಂಟು, ಕಿವಿಯ ಹಿಂದೆ ಬೆವರು. ಅವನೂ ಕದ್ದು ನೋಡಿದ. ಕಣ್ಣು ಕೂಡಿದ ತಕ್ಷಣ ಇಬ್ಬರೂ ಕೆರೆಯ ಕಡೆ ತಿರುಗಿದರು.

ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದರೆ ಕಾರು ಸಲೀಸಾಗಿ ಸ್ಟಾರ್ಟ್ ಆಯಿತು. ಏನೂ ಆಗಿಲ್ಲವೆಂಬ ಹಾಗೆ ಮುಳಬಾಗಿಲಿನ ಅಣ್ಣತಮ್ಮಂದಿರ ಗ್ಯಾರೇಜಿಗೆ ಬಂದು ನಿಂತಿತು.

"ಏನಮ್ಮಾ ಸುನಂದಾ, ಬಂಡೀಗೆ ಮತ್ತೆ ದೆಯ್ಯ ಹಿಡ್ಕೊಂತಾ?" ಪಕ್ಕದ ವೆಲ್ಡಿಂಗ್ ಅಂಗಡಿಯ ಕದಿರಪ್ಪ ಕೂಗಿದ. "ನಿಂಬೆಹಣ್ಣು ಕಟ್ರಪ್ಪ, ಇಲ್ಲಾ ಗುಜರಿಗೆ ಹಾಕ್ರಿ!"

ಮುರಳಿ ನಗಲಿಲ್ಲ. "ಸಂಜೆ ಅಮ್ಮಂಗೆ ಬೇಡ ಅಂತ ಹೇಳ್ಬಿಡ್ತೀನಿ ಅತ್ತಿಗೆ. ನಿಮ್ಗೆ ಬೇರೆ ಕಡೆ ಒಳ್ಳೇದಾಗ್ಲಿ."

ಗ್ಯಾರೇಜಿನ ಮುಂದಿನ ಸ್ಪೇರ್‌ಪಾರ್ಟ್ಸ್ ಕೌಂಟರಿನಲ್ಲಿ ಕೂರುವವಳು ಸುನಂದಳೇ. ಅವಳು ಒಳಗೆ ಹೋಗಿ ಎರಡು ಪೆಟ್ರೋಲ್ ಫಿಲ್ಟರ್ ತಂದು ಬಾನೆಟ್ ಮೇಲಿಟ್ಟಳು.

"ಕಾರು ನಿಲ್ಲೋದು ನಿಮ್ಮಣ್ಣನಿಂದಾನೆ. ಆದ್ರೆ ನೀನು ಅಂದ್ಕೊಂಡ ಹಾಗಲ್ಲ. ಹೊಸ ಇಂಜಿನ್ ಕೂರ್ಸಿದಾಗ ಸಣ್ಣ ಕಣ್ಣಿನ ಫಿಲ್ಟರ್‌ನ ಪಂಪಿಗಿಂತ ಮುಂಚೆ ಹಾಕಿದ್ರು. ಪಂಪಿಗೆ ತಳ್ಳೋ ಬಲ ಇದೆ, ಎಳೆಯೋ ಬಲ ಇಲ್ಲ. ಟ್ಯಾಂಕಿನ ತುಕ್ಕು ಅದಕ್ಕೆ ಅಂಟ್ಕೊಂಡ್ರೆ ಉಸಿರು ಕಟ್ಟತ್ತೆ. ಏರಿ ಹತ್ತೋಕೆ ಪೆಟ್ರೋಲ್ ಜಾಸ್ತಿ ಬೇಕು, ಅಲ್ಲೇ ನಿಲ್ಲತ್ತೆ. ಸುಮ್ನೆ ಬಿಟ್ರೆ ತುಕ್ಕು ಕೆಳಗಿಳಿಯತ್ತೆ, ಮತ್ತೆ ಓಡತ್ತೆ."

"ನಂಗೂ ಡೌಟಿತ್ತು," ಮುರಳಿ ಮೆಲ್ಲಗೆ ಹೇಳಿದ. "ಅಣ್ಣ ಕೈಯಾರೆ ಹಾಕಿದ್ದು, ಹೆಂಗೆ ಬಿಚ್ಲಿ? ಅವ್ನು ತಪ್ಪು ಮಾಡೋನಲ್ಲ."

"ತಪ್ಪಲ್ಲ. ಗೊತ್ತಿದ್ದೇ ಬಿಟ್ಟಿದ್ರು." ಅವಳು ಸೆರಗಿನ ತುದಿ ಸುತ್ತತೊಡಗಿದಳು. "ಯಾಕೆ ಲೇಟು ಅಂತ ಮನೇಲಿ ಕೇಳಿದ್ರೆ ಕಾರು ಕೆಟ್ಟಿತ್ತು ಅನ್ನಬಹುದಲ್ಲ. ಅಲ್ಲಿ ನನ್ ಜೊತೆ ಸ್ವಲ್ಪ ಹೊತ್ತು ಕೂತ್ಕೊಳ್ಳೋಕೆ."

ಮುರಳಿ "ಕಳ್ಳ," ಅಂದು ನಕ್ಕ. ನಗುತ್ತಲೇ ತೋಳಲ್ಲಿ ಕಣ್ಣೊರೆಸಿಕೊಂಡ. "ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀವು?"

"ಅದನ್ನ ಬಿಚ್ಚಿದ್ರೆ ಅವ್ರು ಏರಿ ಮೇಲೆ ಮತ್ತೆ ಬರಲ್ಲ ಅಂತ ಭಯ."

"ಈಗ?"

"ಈಗ ನೀನು ಬೇಡ ಅಂದ್ಬಿಡ್ತೀಯ ಅನ್ನೋದು ಅದಕ್ಕಿಂತ ದೊಡ್ಡ ಭಯ."

ಅಷ್ಟು ನೇರವಾದ ಮಾತು ಅವಳು ಜನ್ಮದಲ್ಲಿ ಆಡಿರಲಿಲ್ಲ. ಮುರಳಿಯ ಕಿವಿ ಕೆಂಪಗಾಯಿತು.

"ಮತ್ತೆ ಅಪ್ಪಣೆ?"

"ಕಾರನ್ನ ಕೇಳಿದ್ದಾಯ್ತು. ನನ್ನ ಯಾವಾಗ ಕೇಳ್ತೀಯ?"

ಅವನು ಕಾರಿನ ಕೆಳಗೆ ನುಸುಳಿದ. ಹಳೆಯ ಫಿಲ್ಟರ್ ಬಿಚ್ಚಿದಾಗ ಕಂದು ಬಣ್ಣದ ಪೆಟ್ರೋಲ್ ಸುರಿಯಿತು. ವೆಂಕಟ್‌ನ ಅಂಗಿಯ ವಾಸನೆ ಅದು. ಸುನಂದ ಗೋಡೆಗೆ ಒರಗಿ ಆ ವಾಸನೆ ಆರುವವರೆಗೆ ನಿಂತಳು.

ದೊಡ್ಡ ಕಣ್ಣಿನ ಜಾಲರಿ ಫಿಲ್ಟರ್ ಟ್ಯಾಂಕಿಗೂ ಪಂಪಿಗೂ ನಡುವೆ ಕೂತಿತು. ಪಂಪಿನ ಆಚೆಗೆ ಹಾಕಲು ಮುರಳಿ ಕೌಂಟರಿನ ಗಾಜಿನಂಥ ಪ್ಲಾಸ್ಟಿಕ್ ಫಿಲ್ಟರ್‌ಗೆ ಕೈ ಚಾಚಿದ.

"ಬೇಡ ಕಣೋ, ಪಂಪಿನ ಒತ್ತಡಕ್ಕೆ ಒಡ್ದೋಗತ್ತೆ," ಎಂದು ಅವಳು ಬಾನೆಟ್ ಮೇಲಿದ್ದ ಲೋಹದ್ದನ್ನು ಕೊಟ್ಟಳು. "ಬಾಣ ಇಂಜಿನ್ ಕಡೆ ಇರ್ಲಿ. ಸೈಲೆನ್ಸರ್ ಪೈಪಿಂದ ದೂರ."

"ಹೂಂ ಮೇಡಂ," ಅಂದ ಅವನು, ಫಿಲ್ಟರ್ ಜೊತೆ ಅವಳ ಬೆರಳನ್ನೂ ಹಿಡಿದುಕೊಂಡು. ಬಿಡಲು ಇಬ್ಬರಿಗೂ ಅವಸರವಿರಲಿಲ್ಲ.

ಬಿಸಿಲು ಇಳಿಯುವ ಮುಂಚೆ ಮತ್ತೆ ಹೊರಟರು. ಏರಿ ಬಂತು. ಸುನಂದ ಕಣ್ಣು ಮುಚ್ಚಿದಳು. ಹುಣಸೆಮರದ ನೆರಳು ರೆಪ್ಪೆಯ ಮೇಲೆ ತಣ್ಣಗೆ ಹಾದುಹೋಯಿತು. ಮರದ ಕೆಳಗೆ ಯಾರೋ ನಿಂತಿದ್ದಾರೆ, ಕಾರು ನಿಲ್ಲಲಿಲ್ಲವಲ್ಲ ಎಂದು ಎರಡು ಹೆಜ್ಜೆ ಹಿಂದೆ ಸರಿದರು ಅನ್ನಿಸಿತು. ಕೆನ್ನೆಗೆ ಗಾಳಿ ತಗುಲಿತು. ಇಂಜಿನ್ ಒಮ್ಮೆಯೂ ಕೆಮ್ಮಲಿಲ್ಲ.

ಕಣ್ಣು ಬಿಟ್ಟಾಗ ಏರಿ ಹಿಂದಾಗಿತ್ತು. ಅವಳ ಮುಖವೆಲ್ಲ ಒದ್ದೆ. ಮುರಳಿ ರಸ್ತೆ ಪಕ್ಕಕ್ಕೆ ಕಾರು ತಂದು ನಿಲ್ಲಿಸಿದ. ಗೇರ್ ಮೇಲೆ ಕೈಯಿಟ್ಟು ಕಾದ.

ಅವಳು ಆಗ ನೋಡಿದಳು. ಪೆಡಲ್ ಎಟುಕದೆ ಅವನು ಸೀಟಿನ ತುದಿಯಲ್ಲಿ ಕೂತು, ಬೆರಳ ತುದಿಯಿಂದ ಬ್ರೇಕ್ ತುಳಿದಿದ್ದ. ವೆಂಕಟ್ ಉದ್ದ ಕಾಲಿನವನು.

"ಹಿಂಗ್ಯಾಕೆ ತುದೀಲಿ ಕೂತಿದ್ದೀಯ? ಸೀಟು ಮುಂದಕ್ಕೆ ಎಳ್ಕೋ."

"ಅದು ಅಣ್ಣನ..."

"ಗೊತ್ತು. ಎಳ್ಕೋ."

ಅವನು ಬಗ್ಗಿ ಸೀಟಿನ ಅಡಿಯ ಹಿಡಿ ಒತ್ತಿ ಎಳೆದ. ಬರಲಿಲ್ಲ. ಸುನಂದ ತನ್ನ ಕೈಯನ್ನೂ ಅಲ್ಲಿಟ್ಟು, ಅವನ ಕೈಯ ಮೇಲೆಯೇ, ಜೋರಾಗಿ ಎಳೆದಳು. ತುಕ್ಕು ಹಿಡಿದ ಕಂಬಿ ಕಿರ್ರೆಂದು ಅತ್ತು, ಸೀಟು ಮುಂದೆ ಬಂತು.