ಹತ್ತು ನಿಮಿಷದ ಪದ್ಯ

"ಕೈ ತಗೀರಿ. ಇದು ಲೈಬ್ರರಿ, ನಿಮ್ಮ ಮನಿ ಅಲ್ಲ."

ಸಾವಕ್ಕ ಇಷ್ಟು ಜೋರಾಗಿ ಮಾತಾಡಿದ್ದನ್ನು ಅಲ್ಲಿದ್ದವರು ಯಾರೂ ಕೇಳಿರಲಿಲ್ಲ. ಎದುರಿಗಿದ್ದವನ ಬಲಗೈಯಲ್ಲಿ ಬ್ಲೇಡು, ಎಡಗೈ ಕೆಳಗೆ ಗ್ರಂಥಾಲಯದ ಬೆಳ್ಳಿಹಬ್ಬದ ಸಂಚಿಕೆ. ಮೂವತ್ತೊಂದನೇ ಪುಟ ಆಗಲೇ ಅರ್ಧ ಕತ್ತರಿಸಿಹೋಗಿತ್ತು. ಸಿಟ್ಟಿನ ಭರದಲ್ಲಿ ಅವಳು ಅವನ ಮಣಿಕಟ್ಟನ್ನೇ ಹಿಡಿದುಬಿಟ್ಟಿದ್ದಳು!

ಹಿಡಿದ ಮೇಲೆ ಎಚ್ಚರವಾಯಿತು. ಅಯ್ಯೋ, ಪರಗಂಡಸಿನ ಕೈ... ಥಟ್ಟನೆ ಬಿಟ್ಟಳು. ಅವನೂ ಬ್ಲೇಡನ್ನು ಮೇಜಿನ ಮೇಲಿಟ್ಟು ತಲೆ ತಗ್ಗಿಸಿದ.

ಅದು ೧೯೮೬ರ ಮಾತು. ಅಣ್ಣಿಗೇರಿಯ ಆ ಪುಟ್ಟ ಗ್ರಂಥಾಲಯಕ್ಕೆ ಸಾವಕ್ಕನೇ ಮೇಲ್ವಿಚಾರಕಿ. ಕುರಿ ಕಾಯುವ ಮಾಳಪ್ಪನ ಮಗಳು, ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲಿಗಳು. ಅವನು ಗೂಳಪ್ಪ. ತಾಯಿ ದುರ್ಗವ್ವನನ್ನು ಕರೆದುಕೊಂಡು ಮೂರು ತಿಂಗಳ ಹಿಂದೆ ಊರಿಗೆ ವರ್ಗವಾಗಿ ಬಂದಿದ್ದ ಲೈನ್‌ಮನ್.

ತಪ್ಪಾಯಿತು ಎಂದ. ಪುಸ್ತಕ ಬೇಡ, ಈ ನಾಲ್ಕು ಸಾಲು ಮಾತ್ರ ಬೇಕಿತ್ತು ಎಂದ. ಯಾವ ಸಾಲೆಂದು ಸಾವಕ್ಕ ಬಗ್ಗಿ ನೋಡಿದಳು.

ತಾಟು ಮುಚ್ಚಿಟ್ಟೇನಿ, ರೊಟ್ಟಿ ಆರ್‍ಯಾವ,
ಬರೂ ಹೊತ್ತು ಮೀರೇತಿ, ಬಂದಿಲ್ಲ ಇನ್ನಾ.
ಎತ್ತಿಡಲು ಮನಸಿಲ್ಲ, ಉಣ್ಣಲೂ ಮನಸಿಲ್ಲ,
ಬಾಗಿಲಿಗೆ ಬೆನ್ನ ಮಾಡಿ ಕುಂತೇನಿ ನಾ.
– ಸಾ.ಮಾ.

ಸಾ.ಮಾ. ಎಂದರೆ ಸಾವಕ್ಕ ಮಾಳಪ್ಪ. ಅದು ಅವಳದೇ ಪದ್ಯ!

ಪದ್ಯವೇನು ಬಂತು... ಅಧ್ಯಕ್ಷರ ಸಂದೇಶ ಸಮಯಕ್ಕೆ ಬರದೆ ಅರ್ಧ ಪುಟ ಖಾಲಿ ಉಳಿದಿತ್ತು. ಪ್ರೆಸ್ಸಿನ ಇಮಾಮುದ್ದೀನ ಬಾಗಿಲಲ್ಲೇ ನಿಂತು ಏನಾದರೂ ಕೊಡಿ ಎಂದು ಅವಸರ ಮಾಡಿದ್ದ. ಕುಂದಗೋಳಕ್ಕೆ ಹೋಗಿದ್ದ ಅಪ್ಪ ಬಸ್ಸು ತಪ್ಪಿಸಿಕೊಂಡು ಊಟಕ್ಕೆ ಬಂದಿರಲಿಲ್ಲ. ಅವನಿಗಾಗಿ ಕಾದು ಹಸಿದು ಸಿಡಿಮಿಡಿಗೊಂಡಿದ್ದ ಸಾವಕ್ಕ ಹತ್ತೇ ನಿಮಿಷದಲ್ಲಿ ಗೀಚಿ ಕೊಟ್ಟಿದ್ದಳು. ಪೂರ್ತಿ ಹೆಸರು ಹಾಕಲು ನಾಚಿಕೆಯಾಗಿತ್ತು.

ಅವಳ ನಿಜವಾದ ಕವಿತೆ ಹನ್ನೆರಡನೇ ಪುಟದಲ್ಲಿತ್ತು. 'ನಿಶಾಂತ', ನಲವತ್ತು ಸಾಲು, ಆರು ತಿಂಗಳ ಶ್ರಮ, 'ಅಶ್ವಿನಿ' ಎಂಬ ಕಾವ್ಯನಾಮ. ಅದರ ಬಗ್ಗೆ ಇಡೀ ಊರಲ್ಲಿ ಒಬ್ಬರೂ ತುಟಿ ಬಿಚ್ಚಿರಲಿಲ್ಲ.

ಹನ್ನೆರಡನೇ ಪುಟ ಓದಿದಿರಾ ಎಂದು ಆದಷ್ಟು ಸಹಜವಾಗಿ ಕೇಳಿದಳು.

"ಓದಿದ್ನ್ರಿ ಬಾಯಾರ. ಶಬ್ದ ಭಾಳ ಅದಾವ. ಒಳಗ ಯಾರೂ ಇಲ್ಲ."

ಸಾವಕ್ಕನ ಕಿವಿ ಬಿಸಿಯಾಯಿತು. ಆರು ತಿಂಗಳು!

ಸಾ.ಮಾ. ಎಂದರೆ ಯಾರು, ವಯಸ್ಸಾದವರಿರಬೇಕು, ಬಹಳ ಅನುಭವಿಸಿದವರಿರಬೇಕು ಎಂದು ಅವನು ಭಕ್ತಿಯಿಂದ ವಿಚಾರಿಸಿದ. ಸಾವಕ್ಕ ಗೊತ್ತಿಲ್ಲ ಎಂದುಬಿಟ್ಟಳು. ಯಾಕೆ ಸುಳ್ಳು ಹೇಳಿದಳೆಂದರೆ, ಹೊಟ್ಟೆಕಿಚ್ಚು. ತನ್ನದೇ ಪದ್ಯದ ಮೇಲೆ ತನಗೇ ಹೊಟ್ಟೆಕಿಚ್ಚುಪಟ್ಟವಳು ಇವಳೊಬ್ಬಳೇ ಇರಬೇಕು. ಹರಿದದ್ದು ಹರಿದೇ ಹೋಯಿತೆಂದು ಪುಟವನ್ನು ಅವನಿಗೇ ಕೊಟ್ಟು ಕಳಿಸಿದಳು.

ಅಲ್ಲಿಂದ ಅವನು ಪ್ರತಿ ಶನಿವಾರ ಬರತೊಡಗಿದ. ಹಳೆಯ ವಾರಪತ್ರಿಕೆಗಳಲ್ಲಿ ಸಾ.ಮಾ. ಅವರ ಬೇರೆ ಪದ್ಯ ಹುಡುಕುತ್ತಿದ್ದ. ಇದ್ದರಲ್ಲವೇ ಸಿಗುವುದು? ಸಾವಕ್ಕ ಮನಸ್ಸಿನಲ್ಲೇ ಹಲ್ಲು ಕಡಿಯುತ್ತಿದ್ದಳು.

ಆಮೇಲೆ ಜಗಳ ಶುರುವಾಯಿತು. ಕೊನೆಯ ಸಾಲಿನ ಹೆಂಗಸು ಸಿಟ್ಟು ಮಾಡಿಕೊಂಡು ಕುಳಿತಿದ್ದಾಳೆ, ಬಂದವನ ಮುಖ ನೋಡಬಾರದೆಂದೇ ಬಾಗಿಲಿಗೆ ಬೆನ್ನು ಮಾಡಿದ್ದಾಳೆ ಎಂದು ಸಾವಕ್ಕ. ಸಿಟ್ಟಲ್ಲ, ಖಾಲಿ ಬಾಗಿಲು ನೋಡುವ ಶಕ್ತಿ ಅವಳಲ್ಲಿ ಉಳಿದಿಲ್ಲ ಎಂದು ಗೂಳಪ್ಪ. ಬರೆದವಳಿಗೇ ಅರ್ಥ ಹೇಳಿಕೊಡುತ್ತಾನಲ್ಲ ಇವನು! ಎಷ್ಟೋ ಸಲ ನಾಲಿಗೆಯ ತುದಿಗೆ ಬಂದ ಸತ್ಯವನ್ನು ಅವಳು ನುಂಗಿಕೊಂಡಳು.

ಒಂದು ಶನಿವಾರ ಅವನು ತನ್ನ ಅಣ್ಣನ ಕಥೆ ಹೇಳಿದ. ಊಟಕ್ಕೆ ಬರುತ್ತೇನೆಂದು ಹೊಲಕ್ಕೆ ಹೋದವನಿಗೆ ಹಾವು ಕಚ್ಚಿತ್ತು. ತಾಯಿ ಒಂದು ವರ್ಷದಿಂದ ದಿನವೂ ಸತ್ತ ಮಗನಿಗಾಗಿ ತಾಟು ಮುಚ್ಚಿಡುತ್ತಿದ್ದಳು.

"ನಾ ಅಕಿಗೆ ಬೈತಿದ್ನ್ರಿ. ಹುಚ್ಚ ಹಿಡದೈತೇನು ಅಂತಿದ್ನಿ. ಈ ಪದ್ಯ ಓದಿದ ದಿವ್ಸಾನ ಬೈಯೂದ ಬಿಟ್ಟೆ."

ಅವತ್ತು ಸಾವಕ್ಕ ವಾದ ಮಾಡಲಿಲ್ಲ. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾಗದು ಎನಿಸಿತು. ಆದರೂ ಹೇಳಲಾಗಲಿಲ್ಲ. ಬೇಸಿಗೆ ಬರುವ ಹೊತ್ತಿಗೆ ಅವಳು ಅವನನ್ನು ಮನಸಾರೆ ಪ್ರೀತಿಸುತ್ತಿದ್ದಳು, ಅವನೋ ಇಲ್ಲದ ಯಾವುದೋ ಮುದುಕ ಕವಿಯನ್ನು ಪೂಜಿಸುತ್ತಿದ್ದ. ಇದಕ್ಕಿಂತ ಫಜೀತಿ ಇನ್ನೇನಿದೆ?

ಗುಟ್ಟು ಒಡೆದದ್ದು ಇಮಾಮುದ್ದೀನನಿಂದ. ಒಂದು ಶನಿವಾರ ಸದಸ್ಯತ್ವದ ಕಾರ್ಡಿನ ಕಟ್ಟು ಕೊಡಲು ಬಂದವನು ಗೂಳಪ್ಪನ ಮುಂದೆ ಮೇಜಿನ ಮೇಲಿದ್ದ ಆ ಪುಟ ನೋಡಿ ನಕ್ಕ. ಸಾವಕ್ಕನವರು ಬಲು ಚುರುಕು, ಖಾಲಿ ಜಾಗ ತುಂಬಲು ಹತ್ತು ನಿಮಿಷದಲ್ಲಿ ಬರೆದುಕೊಟ್ಟರು ಎಂದು ಹೊಗಳಿ, ಕಟ್ಟು ಇಳಿಸಿ ಹೊರಟುಹೋದ.

ಗೂಳಪ್ಪ ಅವಳ ಕಡೆಗೆ ತಿರುಗಿದ.

"ನೀವ ಸಾ.ಮಾ.? ನಮ್ಮಣ್ಣನ ವಿಷ್ಯಾ ಎಲ್ಲಾ ಹೇಳಿದ್ನಲ್ರೀ... ಸುಮ್ನ ಕೇಳ್ಕೋತ ಕುಂತ್ರಿ."

ಕ್ಷಮೆ ಕೇಳಬೇಕಿತ್ತು. ಆದರೆ ಎಷ್ಟೋ ತಿಂಗಳು ಅದುಮಿಟ್ಟ ಸಂಕಟ ಬೇರೆಯೇ ಮಾತಾಗಿ ಹೊರಬಂತು.

"ಹೌದು, ನಾನ. ನಮ್ಮಪ್ಪ ಬಸ್ ತಪ್ಪಿಸ್ಕೊಂಡಿದ್ದ, ನನಗ ಹಸಿವಾಗಿತ್ತು. ಅದರಾಗ ಇರೂದು ಇಷ್ಟ. ಉಳಿದದ್ದೆಲ್ಲಾ ನೀವ ಹಾಕಿದ್ದು."

ಅವನು ಪುಟವನ್ನು ಮಡಿಸಿ ಮೇಜಿನ ಮೇಲಿಟ್ಟು ಹೋದ. ಛೇ, ಎಂಥ ಮಾತು ಆಡಿಬಿಟ್ಟೆ ನಾನು!

ಐದು ವಾರ ಅವನು ಬರಲಿಲ್ಲ. ಗ್ರಂಥಾಲಯದ ಫ್ಯೂಜು ಸುಟ್ಟಾಗ ಸಾವಕ್ಕ ಒಳಗೊಳಗೇ ಖುಷಿಪಟ್ಟು ದೂರು ಬರೆದಳು. ಬಂದದ್ದು ಬೇರೆ ಲೈನ್‌ಮನ್ ಸಿರಾಜುದ್ದೀನ. ಅವನು ಎರಡೇ ನಿಮಿಷದಲ್ಲಿ ಸರಿಮಾಡಿ ಹೋದ. ಅವಳಿಗೆ ಆ ಬೆಳಕಿನ ಮೇಲೂ ಸಿಟ್ಟು ಬಂತು.

ಪುಟವನ್ನು ಚೀಲದಲ್ಲಿಟ್ಟುಕೊಂಡಿದ್ದಳು. ತೆಗೆದು ತೆಗೆದು ಓದುತ್ತಿದ್ದಳು. ವಿಚಿತ್ರವೆಂದರೆ ಅಪ್ಪನ ಬಸ್ಸು ಈಗ ಅದರಲ್ಲಿ ಎಲ್ಲೂ ಇರಲಿಲ್ಲ.

ಆರನೇ ವಾರದ ಸೋಮವಾರ. ಗಿರಣಿಯ ಮುಂದಿನ ಕಂಬದ ಮೇಲೆ ಗೂಳಪ್ಪನಿದ್ದ. ಕರೆಂಟಿಗಾಗಿ ಕಾಯುತ್ತ ಏಳೆಂಟು ಹೆಂಗಸರು ಜೋಳದ ಬುಟ್ಟಿ ಇಟ್ಟುಕೊಂಡು ನೆರಳಲ್ಲಿ ಕುಳಿತಿದ್ದರು. ಸಾವಕ್ಕ ದಾಟಿ ಹೋಗುವವಳು ನಿಂತುಬಿಟ್ಟಳು. ಅವಳ ತಾಳ್ಮೆ ಅಲ್ಲಿಗೆ ಮುಗಿದಿತ್ತು.

"ಕೆಳಗ ಇಳೀರಿ. ಮಾತಾಡೂದೈತಿ."

"ಕೆಲಸ ಐತ್ರಿ ಬಾಯಾರ."

ಕೆಲಸ ಮುಗಿದಿತ್ತು. ಬಿಗಿದ ತಂತಿಯನ್ನೇ ಅವನು ಮತ್ತೆ ಬಿಗಿಯುತ್ತಿದ್ದ. ಸರಿ, ಸಾವಕ್ಕ ನಡುಬೀದಿಯಲ್ಲೇ ಮುಖ ಮೇಲೆತ್ತಿ ಹೇಳಿದಳು. ಸುಳ್ಳು ಹೇಳಿದ್ದು ತಪ್ಪು, ಸುಮ್ಮನೆ ಕೇಳುತ್ತ ಕೂತದ್ದು ಅದಕ್ಕಿಂತ ದೊಡ್ಡ ತಪ್ಪು, ಕೊನೆಗೆ ಆಡಿದ ಮಾತಂತೂ ಎಲ್ಲಕ್ಕಿಂತ ದೊಡ್ಡದು ಎಂದಳು.

ಮೇಲೆ ತಂತಿ ಬಿಗಿಯುತ್ತಿದ್ದ ಕೈ ನಿಂತಿತು.

"ಪದ್ಯ ನನಗ ಬಾಯಿಪಾಠ ಐತ್ರಿ. ದಿನಾ ಅಂದ್ಕೋತೇನಿ. ಈಗ ನಿಮ್ಮಪ್ಪನ ಬಸ್ಸಷ್ಟ ಕಾಣತೈತಿ. ನಮ್ಮಣ್ಣ ಬರವಲ್ಲ."

ಸಾವಕ್ಕ ಕಂಬದ ಬುಡಕ್ಕೆ ಬಂದಳು. "ನನಗ ನಿಮ್ಮಣ್ಣನ್ನ ಬಿಟ್ರ ಬ್ಯಾರೆ ಯಾರೂ ಕಾಣವಲ್ರು."

ಹೆಂಗಸರಿಗೆ ಇನ್ನು ತಡೆಯಲಾಗಲಿಲ್ಲ. ಅದು ಯಾವ ಪದ್ಯ, ತಮಗೂ ಹೇಳಬೇಕು ಎಂದು ರಜಿಯಾಬಿ ಪಟ್ಟುಹಿಡಿದಳು. ಸಾವಕ್ಕ ಚೀಲದಿಂದ ಪುಟ ತೆಗೆದು ಓದಿದಳು.

ರಜಿಯಾಬಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅವಳ ಗಂಡ ಗೋವಾಕ್ಕೆ ಹೋಗಿ ಎರಡು ರಂಜಾನ್ ಕಳೆದಿದ್ದವು. ಇದು ನನ್ನ ಪದ್ಯ ಎಂದಳು. ಪಕ್ಕದವಳು, ಅಲ್ಲ, ಇದು ನನ್ನ ಸೊಸೆಯ ಸೊಕ್ಕು, ಅವಳೂ ಹೀಗೇ ಬೆನ್ನು ತಿರುಗಿಸಿ ಕೂರುತ್ತಾಳೆ ಎಂದು ಗೊಣಗಿದಳು. ಹಾಗಲ್ಲ ಎನ್ನಲು ಬಾಯಿ ತೆರೆದ ಸಾವಕ್ಕ ಸುಮ್ಮನೆ ಮುಚ್ಚಿದಳು.

ಆಗ ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಮಾತಾಡಿದಳು.

"ಆಕಿ ಸಿಟ್ಟಿಗೂ ಹಂಗ ಕುಂತಿಲ್ಲವಾ, ದುಃಖಕ್ಕೂ ಅಲ್ಲ. ಹೊತ್ತ ಮಾಡಿ ಬಂದಾವಗ ನಾಚಿಕಿ ಆಗತೈತಿ. ಬಾಗಿಲಾ ದಿಟ್ಟಿಸಿ ನೋಡ್ಕೋತ ಕುಂತ್ರ ಅಂವ ಒಳಗ ಹೆಂಗ ಬರಬೇಕು? ಸುಮ್ನ ಬಂದು ಕೈ ತೊಳಕೊಂಡು ಉಣ್ಣಾಕ ಕುಂದ್ರಲಿ ಅಂತ ಬೆನ್ನ ಮಾಡ್ಯಾಳ. ನನ್ನ ಹಿರೀಮಗನ ಸಲುವಾಗಿ ನಾನೂ ಹಂಗ ಕುಂದರತಿದ್ನಿ."

"ಅವ್ವಾ..." ಕಂಬದ ಮೇಲಿಂದ ಗೂಳಪ್ಪನ ದನಿ ಒಡೆಯಿತು.

ಸಾವಕ್ಕ ದುರ್ಗವ್ವನ ಮುಖ ನೋಡಿದಳು. ಬರೆದ ತನಗೆ ಹೊಳೆಯದ್ದು, ಓದಿ ಓದಿ ಬಾಯಿಪಾಠ ಮಾಡಿದವನಿಗೆ ಹೊಳೆಯದ್ದು, ಅಕ್ಷರ ಬಾರದ ಈ ತಾಯಿಗೆ ಒಂದೇ ಸಲ ಕೇಳಿ ಹೊಳೆದಿತ್ತು. ಇಷ್ಟು ದಿನ ಇದು ನನ್ನದು, ಇದರ ಅರ್ಥ ಇಷ್ಟೇ ಎಂದು ಜಗಳಾಡಿದೆನಲ್ಲ ಎಂದು ಅವಳಿಗೆ ಅಳು ಬಂತು.

ಅವಳು ನಿಧಾನವಾಗಿ ತಿರುಗಿ, ಕಂಬಕ್ಕೆ ಬೆನ್ನು ಮಾಡಿ ನಿಂತಳು.

ಬಿಸಿಲು ಸುಡುತ್ತಿತ್ತು. ಒಂದು ಗಳಿಗೆ, ಇನ್ನೊಂದು ಗಳಿಗೆ... ಬರುತ್ತಾನೋ, ಇಲ್ಲವೋ?

ಹಿಂದೆ ಕಾಲು ಜಾರಿಸಿಕೊಂಡು ಇಳಿಯುವ ಸದ್ದಾಯಿತು.

"ಬಂದೇನ್ರಿ."

"ಹೊಳ್ಳಿ ನೋಡ್ಲ್ಯಾ?"

"ಸ್ವಲ್ಪ ತಡೀರಿ. ಕಣ್ಣ ಒರಸ್ಕೋತೇನಿ."

ಅವಳು ಕಾದಳು. ಅವನು ಎರಡು ಸಲ ಗಂಟಲು ಸರಿಮಾಡಿಕೊಂಡ.

"ಬಾಯಾರ, ನಿಮ್ಮನ್ನ ಮದಿವಿ ಆಗಬೇಕಂತ ಮಾಡೇನಿ."

ಸಾವಕ್ಕನಿಗೆ ಅಳುವಿನ ನಡುವೆಯೇ ನಗು ಬಂತು. "ಇದಕ್ಕರ ಬ್ಯಾರೆ ಅರ್ಥ ಇಲ್ಲಲ್ರೀ?"

"ಇಲ್ರಿ. ಇದಕ್ಕ ಒಂದ ಅರ್ಥ."

"ಹಂಗಾರ ಹೂಂ," ಎಂದು ಸಾವಕ್ಕ ಅವನ ಕಡೆಗೆ ತಿರುಗಿದಳು.