ಮಧ್ಯಾಹ್ನ ಮಾತ್ರ ಕೆಡುವ ಬೇರಿಂಗು

“ಎಚ್ಚರಿಕೆ. ಗೇರ್‌ಬಾಕ್ಸಿನ ಮುಂಬದಿಯ ಬೇರಿಂಗಿನಲ್ಲಿ ದೋಷ. ಸಂಜೆಯೊಳಗೆ ಪರಿಹರಿಸದಿದ್ದಲ್ಲಿ ಪಂಪನ್ನು ನಾನೇ ನಿಲ್ಲಿಸುವೆನು,” ಎಂದು ಪಂಪ್‌ಹೌಸಿನಲ್ಲಿ ಹೋದ ಚಳಿಗಾಲದಲ್ಲಷ್ಟೇ ಕೂರಿಸಿದ್ದ ಕಾವಲು ಯಂತ್ರ ಕಂಪನಕರ್ಣ ಘೋಷಿಸಿತು.

ಆಪರೇಟರ್ ಗದಿಗೆಪ್ಪ ಯಂತ್ರಕ್ಕೆ ಕೈಮುಗಿದ. “ಹಂಗ ಮಾಡಬ್ಯಾಡೋ ಯಪ್ಪಾ. ಊರ ಮಂದಿ ಖಾಲಿ ಕೊಡ ತಂದು ನನ್ನ ತಲಿ ಮ್ಯಾಲ ಬಾರಸ್ತಾರ!”

ಅವನ ಭಯದಲ್ಲಿ ಅತಿಶಯೋಕ್ತಿ ಇರಲಿಲ್ಲ. ಹೊಳೆಯಿಂದ ಹೊಳೆಕೊಪ್ಪ ಪಟ್ಟಣಕ್ಕೆ ನೀರೆತ್ತಲು ಇದ್ದುದು ಒಂದೇ ಪಂಪು. ಗೇರ್‌ಬಾಕ್ಸ್ ಬಿಚ್ಚಿದರೆ ಬಿಡಿಭಾಗ ಬಂದು ಜೋಡಿಸುವ ಹೊತ್ತಿಗೆ ಬೇಸಿಗೆಯೇ ಮುಗಿಯುತ್ತಿತ್ತು. ಮನುಷ್ಯ ಚಂದ್ರನ ಮೇಲೆ ತೋಟ ಹಾಕಿದ ಆ ಕಾಲದಲ್ಲೂ ಹೊಳೆಕೊಪ್ಪದ ನಲ್ಲಿಗಳಲ್ಲಿ ನೀರು ವಾರಕ್ಕೊಮ್ಮೆ ಬರುತ್ತಿತ್ತು. ಉಳಿದ ದಿನ ಬರೀ ಗಾಳಿ.

ತಿರುಗುವ ಯಂತ್ರವೆಲ್ಲ ನಡುಗುತ್ತದೆ. ಗೇರಿನ ಒಂದೊಂದು ಹಲ್ಲಿಗೂ, ಬೇರಿಂಗಿನ ಒಂದೊಂದು ಗುಂಡಿಗೂ ತನ್ನದೇ ತಾಳವಿದೆ. ಗುಂಡಿನ ಮೇಲೆ ಗಾಯವಾದರೆ ಅದು ಪ್ರತಿ ಸುತ್ತಿನಲ್ಲೂ ‘ಟಕ್’ ಎಂದು ಅಪಸ್ವರ ನುಡಿಯುತ್ತದೆ. ಕಂಪನಕರ್ಣವು ಸಾವಿರ ಸದ್ದುಗಳ ಸಂತೆಯಿಂದ ಆ ಒಂದು ‘ಟಕ್’ ಅನ್ನು ಹೆಕ್ಕಿ, ಹಿಗ್ಗಿಸಿ, ಮಿಮಿಕ್ರಿ ಕಲಾವಿದನ ಹಾಗೆ ಕೇಳಿಸುತ್ತಿತ್ತು. ಊರವರು ಅದನ್ನು ಬರೀ ‘ಕರ್ಣ’ ಎನ್ನುತ್ತಿದ್ದರು. ದಾನಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಅದು ಧಾರಾಳವಾಗಿ ಕೊಡುತ್ತಿದ್ದುದು ಕಾಟ ಒಂದನ್ನೇ.

ಅದನ್ನು ರೂಪಿಸಿದ ವಿಜ್ಞಾನಿ ಡಾ. ಶಾಲ್ಮಲಾ ಹುಯಿಲಗೋಳ ಮರುದಿನ ತಾನೇ ಬರುವುದಾಗಿ ಹೇಳಿ, ದೂರದಿಂದಲೇ ಕರ್ಣನ ಗಡುವನ್ನು ಒಂದು ದಿನ ಮುಂದೂಡಿದಳು. ಬಂದವಳೇ ಗೇರ್‌ಬಾಕ್ಸಿನ ಎಣ್ಣೆ ತೆಗೆದು ನೋಡಿದಳು. ಲೋಹದ ಒಂದು ಚೂರೂ ಇರಲಿಲ್ಲ.

“ಕರ್ಣನ ದಾಖಲೆಯೊಳಗ ಈ ದೋಷ ಮಧ್ಯಾಹ್ನ ಮಾತ್ರ ಕಾಣಸ್ತದ. ಬೇರಿಂಗಿಗೆ ಊಟದ ವ್ಯಾಳೆ ಹೆಂಗ ಗೊತ್ತಾಗತದ ಗದಿಗೆಪ್ಪನವರ?”

“ಸರಕಾರಿ ಬೇರಿಂಗ್ ಅಲ್ಲೇನ್ರಿ ಮೇಡಂ, ಊಟ ಆದಮ್ಯಾಲ ಕೆಲಸ ಮಾಡೂದಿಲ್ಲ.”

ಶಾಲ್ಮಲಾ ನಗಲಿಲ್ಲ. ತನ್ನ ಯಂತ್ರವನ್ನು ನಂಬಿದರೆ ಊರಿಗೆ ನೀರಿಲ್ಲ. ನಂಬದೆ ಬಿಟ್ಟು ಗೇರ್‌ಬಾಕ್ಸ್ ಸಿಡಿದರೆ ಊರಿಗೆ ವರ್ಷವಿಡೀ ನೀರಿಲ್ಲ. ಕೊನೆಯದಾಗಿ ಒಮ್ಮೆ ದೋಷದ ಧ್ವನಿಯನ್ನು ಕೇಳಿಸೆಂದು ಕರ್ಣನಿಗೆ ಹೇಳಿದಳು.

‘ಘೊರ್ರ್… ಘೊರ್ರ್… ಘೊರ್ರ್…’ ಆಮೇಲೆ ದೀರ್ಘ ಮೌನ. ಆಮೇಲೆ ‘ಫಟ್ಟ್!’

“ಕೇಳಿದ್ರ್ಯಾ? ಗುಂಡು ಸಿಕ್ಕೊಂಡು ನಿಲ್ತದ. ಆಮ್ಯಾಲ ಒಮ್ಮೆಲೆ ಬಿಡಿಸ್ಕೊಂಡು ಸಿಡೀತದ. ಬಿಚ್ಚಲೇಬೇಕು.” ಅವಳ ಕೈ ಪಂಪಿನ ಸ್ವಿಚ್ಚಿನತ್ತ ಹೋಯಿತು.

ಅಷ್ಟರಲ್ಲಿ ಬುತ್ತಿ ಹಿಡಿದು ಒಳಬಂದ ಗದಿಗೆಪ್ಪನ ಹೆಂಡತಿ ನೀಲವ್ವ ಬಾಗಿಲಲ್ಲೇ ನಿಂತಳು. “ಅಯ್ಯ ಶಿವನ! ನಮ್ಮ ಮನಿಯವರ ಗೊರಕಿ ಆ ಡಬ್ಬಿಯೊಳಗ ಹ್ಯಾಂಗ ಹೊಕ್ಕಿತರಿ?”

“ಹುಚ್ಚಿ ಹಂಗ ಮಾತಾಡಬ್ಯಾಡ ನೀಲಾ. ನಾ ಎಲ್ಲಿ ಗೊರಕಿ ಹೊಡೀತೀನಿ?”

“ನೀವು ನಿದ್ದಿಯೊಳಗ ಇರ್ತೀರಲ್ಲ, ನಿಮಗೇನು ಗೊತ್ತು!”

ಶಾಲ್ಮಲಾ ಸ್ವಿಚ್ಚಿನಿಂದ ಕೈ ತೆಗೆದಳು. “ಊಟ ಆದಮ್ಯಾಲ ಎಲ್ಲಿ ಮಲಗ್ತೀರಿ?”

ಗದಿಗೆಪ್ಪ ತಲೆ ಕೆರೆಯುತ್ತ ತೋರಿಸಿದ. ಪಂಪಿನಿಂದ ಹೊರಟ ದಪ್ಪ ಪೈಪು. ಒಳಗೆ ಹೊಳೆಯ ನೀರು ಹರಿದು ಕಡುಬಿಸಿಲಲ್ಲೂ ಪೈಪಿನ ಮೈಮೇಲೆ ಹನಿ ಮೂಡುವಷ್ಟು ತಂಪು. ಬೇಸಿಗೆಯಲ್ಲಿ ಅದಕ್ಕೆ ಬೆನ್ನು ಕೊಟ್ಟು ಒರಗುವುದು ಆ ಪಂಪ್‌ಹೌಸಿನ ಹಳೆಯ ರೂಢಿ. ಇರುವೆಯ ಹೆಜ್ಜೆಯನ್ನೂ ಬಿಡದ ಕರ್ಣ, ಪೈಪಿನಗುಂಟ ಬಂದ ಗೊರಕೆಯನ್ನು ಬೇರಿಂಗಿನ ಲೆಕ್ಕಕ್ಕೆ ಹಾಕಿತ್ತು.

ಪರೀಕ್ಷೆ ಆಗಬೇಕಿತ್ತು. ಎಲ್ಲರೂ ನೋಡುತ್ತ ನಿಂತರೆ ನಿದ್ದೆ ಹೇಗೆ ಬರಬೇಕೆಂದು ಗದಿಗೆಪ್ಪ ತಕರಾರು ತೆಗೆದ. ಮೂರು ರೊಟ್ಟಿ, ಎಣಗಾಯಿ, ಗಟ್ಟಿ ಮೊಸರು ಅವನ ತಕರಾರನ್ನು ಬಗೆಹರಿಸಿದವು. ಅವನು ಒರಗಿ ಬಾಯಿ ತೆರೆದದ್ದೇ ತಡ, “ಎಚ್ಚರಿಕೆ,” ಎಂದಿತು ಕರ್ಣ.

ಶಾಲ್ಮಲಾಳಿಗೆ ನಗು ತಡೆಯಲಾಗಲಿಲ್ಲ. ಊರು ಉಳಿಯಿತು, ಪಂಪು ಉಳಿಯಿತು, ತನ್ನ ಮಾನವೂ ಉಳಿಯಿತು! ಆದರೆ ಗೊರಕೆ ನಿಂತಿತು, ನಿಂತೇ ಇತ್ತು. ನಗುವೂ ನಿಂತಿತು. ನೀಲವ್ವ ಗಾಬರಿಯಿಲ್ಲದೆ ಹೋಗಿ ಗಂಡನ ಪಕ್ಕೆ ತಿವಿದಳು. ‘ಫಟ್ಟ್!’ ಉಸಿರು ಮರಳಿತು.

“ದಿನಾ ರಾತ್ರಿ ಹಿಂಗರಿ. ಗಪ್ ಆದಾಗ ನಾ ತಿವೀತೀನಿ, ಮತ್ತ ಚಾಲೂ ಆಗತಾರ.”

“ಎಷ್ಟು ವರ್ಷದಿಂದ, ಅಕ್ಕಾರ?”

“ಸಣ್ಣಾಕಿ ಹುಟ್ಟಿದಾಗಿಂದರಿ. ಈಗ ಆಕಿಗೇ ಎರಡು ಮಕ್ಕಳು.”

ಶಾಲ್ಮಲಾ ನೀಲವ್ವನತ್ತ ತಿರುಗಿ ನೋಡಿದಳು. ತಾನು ಕಟ್ಟಿದ ಯಂತ್ರಕ್ಕಿಂತ ಮುಂಚೆಯೇ ಇಲ್ಲೊಂದು ಕಿವಿ ನಿದ್ದೆಗೆಟ್ಟು ಕಾಯುತ್ತಿತ್ತು. “ಗದಿಗೆಪ್ಪನವರ, ಏಳ್ರಿ. ಪಂಪ್ ನಿಲ್ಲಸೂದು ಬ್ಯಾಡ. ನಿಲ್ಲಾಕತ್ತಿದ್ದು ನಿಮ್ಮ ಉಸಿರು. ಈಗಿಂದೀಗ ದವಾಖಾನಿಗೆ ಹೋಗೂಣು.”

ವೈದ್ಯರು ಮಲಗುವಾಗ ಹಾಕಿಕೊಳ್ಳಲು ಒಂದು ಮುಖವಾಡ ಕೊಟ್ಟರು. ಅದರ ಪೈಪಿನಿಂದ ಗಂಟಲಿಗೆ ಸದಾ ಗಾಳಿ. ನಲ್ಲಿಯಲ್ಲಿ ಗಾಳಿ ಬಂತೆಂದು ಊರವರಿಂದ ಬೈಸಿಕೊಳ್ಳುತ್ತಿದ್ದ ಗದಿಗೆಪ್ಪ, ಪೈಪಿನಲ್ಲಿ ಗಾಳಿ ಬಂದದ್ದಕ್ಕೆ ಮೊದಲ ಬಾರಿ ಸಂತೋಷಪಟ್ಟ.

ಮುಂದಿನ ವಾರ ಮಧ್ಯಾಹ್ನ ಬುತ್ತಿ ತಂದ ನೀಲವ್ವ, ಗಂಡ ಉಣ್ಣುವವರೆಗೆ ಕೂತಿರೋಣವೆಂದು ತಂಪು ಪೈಪಿಗೆ ಒರಗಿದಳು. ಈಗ ಯಾರ ಉಸಿರಿಗೂ ಕಾಯಬೇಕಿರಲಿಲ್ಲ. ವರ್ಷಗಳಿಂದ ಬಾಕಿ ಉಳಿದಿದ್ದ ನಿದ್ದೆ ಒಮ್ಮೆಲೇ ಬಂತು.

“ಎಚ್ಚರಿಕೆ. ಗೇರ್‌ಬಾಕ್ಸಿನಲ್ಲಿ ಹೊಸ ಕಂಪನ…”

ಗದಿಗೆಪ್ಪ ಎಂಜಲುಗೈಯಲ್ಲೇ ಓಡಿ ಕರ್ಣನ ಬಾಯಿಗೆ ತನ್ನ ಟವೆಲು ಒತ್ತಿ ಹಿಡಿದ. “ಗಪ್! ಪೂರಾ ಕೇಳಿ ಆಮ್ಯಾಲ ಮಾತಾಡೋ!”

ಕರ್ಣ ಕೇಳಿತು. ಬಹಳ ಹೊತ್ತು ಕೇಳಿತು. ಕೊನೆಗೆ ಟವೆಲಿನೊಳಗಿಂದ ಮೆಲ್ಲನೆ ಹೇಳಿತು: “ಲಯ ಸಮವಾಗಿದೆ. ದೋಷವಿಲ್ಲ.”

“ಅದು ನನಗೂ ಗೊತ್ತೈತಿ,” ಎಂದ ಗದಿಗೆಪ್ಪ, ಟವೆಲು ತೆಗೆಯದೆ. “ಮಲಗಲಿ ಬಿಡು.”